ಡ್ರೈಯರ್ ಗುಜರಿಗೆ ಹಾಕುವ ಮುನ್ನ

ದಾವಣಗೆರೆ, ಹರಿಹರದ ಬಹಳಷ್ಟು ಮನೆಗಳಲ್ಲಿ ಡ್ರೈಯರ್ ಅಂದರೆ ಎರಡು ಟಬ್ಬಿನ ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮಷೀನಿನ ಆ ಚಿಕ್ಕ ಟಬ್ಬು. ಬಿಸಿಗಾಳಿ ಊದಿ ಬಟ್ಟೆ ಒಣಗಿಸುವ ಯಂತ್ರ ನಮ್ಮ ಕಡೆ ಇನ್ನೂ ಅಪರೂಪ. ಬಚ್ಚಲಮನೆಯ ಪಕ್ಕದಲ್ಲೋ ಹಿತ್ತಲಿನ ತಗಡಿನ ಕೆಳಗೋ ನಿಂತಿರುವ ಈ ಮಷೀನು ಕೆಡುವಾಗ ಮೊದಲು ಕೈಕೊಡುವುದು ಸಾಮಾನ್ಯವಾಗಿ ಈ ಚಿಕ್ಕ ಟಬ್ಬೇ. ‘ಒಗೆಯೋದು ಸರಿ ಐತಿ, ಡ್ರೈಯರ್ ಹೋಗೇತಿ’ ಎಂಬ ಮಾತು ಪ್ರತಿ ಓಣಿಯಲ್ಲೂ ಕೇಳಿಬರುತ್ತದೆ. ಅಲ್ಲಿಂದ ಮುಂದಿನ ದಾರಿ ಎರಡೇ. ಕೆಲವರು ಬಟ್ಟೆಯನ್ನು ಮತ್ತೆ ಕೈಯಲ್ಲಿ ಹಿಂಡಲು ಶುರುಮಾಡುತ್ತಾರೆ. ಉಳಿದವರು ಹಬ್ಬದ ಎಕ್ಸ್‌ಚೇಂಜ್ ಆಫರ್ ಬರಲಿ ಎಂದು ಕಾದು, ಅರ್ಧ ಚೆನ್ನಾಗಿರುವ ಮಷೀನನ್ನು ನಾಲ್ಕು ಕಾಸಿಗೆ ಕೊಟ್ಟು ಹೊಸದನ್ನು ತರುತ್ತಾರೆ. ಈ ಡ್ರೈಯರುಗಳಲ್ಲಿ ಬಹುಪಾಲು ಆಯಸ್ಸು ಮುಗಿದು ಕೆಟ್ಟವಲ್ಲ, ನೋಡಿಕೊಳ್ಳುವವರಿಲ್ಲದೆ ಕೆಟ್ಟವು ಎಂಬುದು ನನ್ನ ವಾದ. ಯಂತ್ರವನ್ನು ದಿನವೂ ನಡೆಸುವವರ ಕೈಗೆ ಅದರ ಆರೈಕೆಯ ತಿಳಿವಳಿಕೆಯನ್ನು ಕೊಡದೆ ಇರುವುದೇ ಇದಕ್ಕೆ ಕಾರಣ. ಆ ತಪ್ಪಿನ ದೊಡ್ಡ ಪಾಲು ಮಾರುವವರದು, ತಯಾರಿಸುವವರದು.

ಇಷ್ಟು ಚಿಕ್ಕ ಟಬ್ಬಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ ಎಂದು ಕೇಳುವವರು ಒಂದು ಲೆಕ್ಕ ನೋಡಬೇಕು. ಮೂರು ಕೆ.ಜಿ. ಹತ್ತಿ ಬಟ್ಟೆಯನ್ನು ಕೈಯಲ್ಲಿ ಹಿಂಡಿದರೆ ಅದರಲ್ಲಿ ಹೆಚ್ಚುಕಡಿಮೆ ಬಟ್ಟೆಯ ತೂಕದಷ್ಟೇ, ಅಂದರೆ ಮೂರು ಲೀಟರಿನಷ್ಟು ನೀರು ಉಳಿಯುತ್ತದೆ. ಜೀನ್ಸು, ಟರ್ಕಿ ಟವೆಲ್ಲಾದರೆ ಇನ್ನೂ ಹೆಚ್ಚು. ಸರಿಯಾಗಿ ತಿರುಗುವ ಡ್ರೈಯರಿನಲ್ಲಿ ಐದು ನಿಮಿಷ ಹಾಕಿ ತೆಗೆದರೆ ಉಳಿಯುವ ನೀರು ಅದರ ಅರ್ಧಕ್ಕೆ ಇಳಿಯುತ್ತದೆ. ಈ ಕೆಲಸಕ್ಕೆ ಸುಮಾರು 150 ವಾಟಿನ ಮೋಟಾರು ತಿನ್ನುವ ಕರೆಂಟು ಒಂದು ಯೂನಿಟ್ಟಿನ ಎಂಬತ್ತನೇ ಒಂದು ಪಾಲು. ಅದೇ ಒಂದೂವರೆ ಲೀಟರ್ ನೀರನ್ನು ಬಿಸಿಗಾಳಿಯಿಂದ ಆವಿ ಮಾಡಿ ತೆಗೆಯಬೇಕಾದರೆ? ಒಂದು ಲೀಟರ್ ನೀರು ಆವಿಯಾಗಲು ಬೇಕಾದ ಶಾಖವೇ 0.65 ಯೂನಿಟ್ಟಿಗಿಂತ ಹೆಚ್ಚು. ಹೊರಗೆ ಸೋರಿಹೋಗುವ ಶಾಖವೂ ಸೇರಿ ಸಾಮಾನ್ಯ ಹೀಟರ್ ಡ್ರೈಯರಿನಲ್ಲಿ ಲೀಟರಿಗೆ ಒಂದು ಯೂನಿಟ್ ಎಂದು ಹಿಡಿಯಬಹುದು. ನೀರನ್ನು ತಿರುಗಿಸಿ ತೆಗೆಯುವುದಕ್ಕೂ ಕಾಯಿಸಿ ತೆಗೆಯುವುದಕ್ಕೂ ನೂರು ಪಟ್ಟಿನ ಅಂತರ. ವರ್ಷಕ್ಕೆ ಸುಮಾರು 650 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ವರ್ಷದ ಬಹುಪಾಲು ದಿನ ಬಿಸಿಲು ಕಾಣುವ ನಮ್ಮ ಊರುಗಳಲ್ಲಿ ಉಳಿದ ನೀರನ್ನು ಬಿಸಿಲು, ಗಾಳಿ ಪುಕ್ಕಟೆ ಎಳೆದುಕೊಳ್ಳುತ್ತವೆ. ನಮಗೆ ಬೇಕಾದದ್ದು ಚೆನ್ನಾಗಿ ಹಿಂಡುವ ಯಂತ್ರ. ಅದು ಈಗಾಗಲೇ ಮನೆಯಲ್ಲಿದೆ.

ಇನ್ನು ಅದು ಹೇಗೆ ಕೆಡುತ್ತದೆ ನೋಡೋಣ. ಒಳಗಿನ ತೂತಿನ ಬುಟ್ಟಿ ನಿಮಿಷಕ್ಕೆ ಸುಮಾರು 1300 ಸುತ್ತು ತಿರುಗುತ್ತದೆ. ಬುಟ್ಟಿಯ ಅಂಚಿಗೆ ಅಂಟಿದ ಬಟ್ಟೆಯ ಮೇಲೆ ಆಗ ಬೀಳುವ ಎಳೆತ ಭೂಮಿಯ ಸೆಳೆತದ ಇನ್ನೂರು ಪಟ್ಟು. ನೀರು ತೂತಿನಿಂದ ಹೊರಗೆ ಚಿಮ್ಮುವುದೂ, ಮಷೀನು ಕೆಡುವುದೂ ಇದೇ ಎಳೆತದಿಂದ. ಬಟ್ಟೆ ಸುತ್ತಲೂ ಸಮವಾಗಿ ಕೂತಿದ್ದರೆ ಎಳೆತ ಒಂದಕ್ಕೊಂದು ಸರಿಹೋಗುತ್ತದೆ. ಒಂದು ಬದಿಗೆ ಅರ್ಧ ಕೆ.ಜಿ. ಹೆಚ್ಚು ಸೇರಿದರೆ ನೂರು ಕೆ.ಜಿ. ತೂಕದಷ್ಟು ಬಲ ಒಂದೇ ಕಡೆಗೆ ಜಗ್ಗುತ್ತಾ, ಸೆಕೆಂಡಿಗೆ ಇಪ್ಪತ್ತಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುತ್ತದೆ. ನೆನೆದ ಕೌದಿಯನ್ನು ಮುದ್ದೆ ಮಾಡಿ ತುರುಕಿದಾಗ ಮಷೀನು ಧಡಧಡ ಎಂದು ಜಾಗ ಬಿಟ್ಟು ನಡೆಯುವುದು ಇದಕ್ಕೇ. ಆ ಹೊಡೆತವನ್ನು ತಾಳಿಕೊಳ್ಳುವವು ಮೋಟಾರಿನ ಕೆಳಗಿನ ಮೂರು ಸ್ಪ್ರಿಂಗು, ರಬ್ಬರ್ ಬುಶ್ಶುಗಳು ಮತ್ತು ಬುಟ್ಟಿಯ ದಂಡ ಟಬ್ಬಿನ ತಳವನ್ನು ತೂರಿಬರುವಲ್ಲಿ ಕೂತ ರಬ್ಬರ್ ಸೀಲು. ಡ್ರೈಯರಿನ ಜೀವ ಇರುವುದೇ ಆ ಸೀಲಿನಲ್ಲಿ. ಅದು ಸವೆದರೆ ನೀರು ಹನಿಹನಿಯಾಗಿ ನೇರ ಕೆಳಗಿನ ಮೋಟಾರಿನ ಮೇಲೆ ಬೀಳುತ್ತದೆ. ಮೊದಲು ತುಕ್ಕು, ಆಮೇಲೆ ಬೇರಿಂಗಿನ ಕಿರುಗುಟ್ಟುವಿಕೆ, ಕೊನೆಗೆ ವೈಂಡಿಂಗ್ ಸುಟ್ಟ ವಾಸನೆ. ನೂರಿನ್ನೂರು ರೂಪಾಯಿಯ ಸೀಲನ್ನು ಹೊತ್ತಿಗೆ ಸರಿಯಾಗಿ ಬದಲಿಸದೆ ಸಾವಿರಾರು ರೂಪಾಯಿಯ ಮೋಟಾರು ಕಳೆದುಕೊಳ್ಳುವುದು ಹೀಗೆ. ಮಷೀನಿನ ಅಡಿಯಲ್ಲಿ, ಡ್ರೈಯರಿನ ಕೆಳಗೆ ಮಾತ್ರ ನೀರು ಕಾಣಿಸಿದರೆ ಅದನ್ನು ಒರೆಸಿ ಸುಮ್ಮನಾಗಬಾರದು. ಅದು ಸೀಲಿನ ದೂರು.

ಕೆಟ್ಟ ಡ್ರೈಯರು ತನಗೇನಾಗಿದೆ ಎಂದು ಸದ್ದಿನಲ್ಲೇ ಹೇಳುತ್ತದೆ. ಟೈಮರ್ ತಿರುಗಿಸಿದಾಗ ಸದ್ದೇ ಇಲ್ಲದಿದ್ದರೆ ನೋಡಬೇಕಾದದ್ದು ಪ್ಲಗ್ಗು, ಸಾಕೆಟ್ಟು, ಮುಚ್ಚಳದ ಸ್ವಿಚ್ಚು. ಹೊರ ಮುಚ್ಚಳ ಪೂರ್ತಿ ಕೂರದೆ ಇದ್ದರೆ ಮೋಟಾರಿಗೆ ಕರೆಂಟೇ ಹೋಗುವುದಿಲ್ಲ. ಮುಚ್ಚಳದ ಕೀಲು ಮುರಿದು ಅಷ್ಟಕ್ಕೇ ಡ್ರೈಯರ್ ನಿಂತಿರುವುದೂ ಉಂಟು. ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ ಎಂದಾದರೆ ಟೈಮರನ್ನು ಸೊನ್ನೆಗೆ ತಂದು ತಕ್ಷಣ ಪ್ಲಗ್ ಕೀಳಬೇಕು, ಏಕೆಂದರೆ ನಿಂತಲ್ಲೇ ಗುಂಯ್‌ಗುಡುವ ಮೋಟಾರು ಕೆಲವೇ ನಿಮಿಷದಲ್ಲಿ ಕಾಯುತ್ತದೆ. ಆಮೇಲೆ ಬುಟ್ಟಿಗೂ ಹೊರಟಬ್ಬಿಗೂ ನಡುವಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಕಾಲುಚೀಲ, ಕರ್ಚೀಫು, ಮಗುವಿನ ಟೊಪ್ಪಿಗೆಯಂಥ ಸಣ್ಣ ಬಟ್ಟೆಗಳು ತಿರುಗುವಾಗ ಮೇಲೆದ್ದು ಆ ಸಂದಿಗೆ ಜಾರಿ, ತಳದಲ್ಲಿ ದಂಡಕ್ಕೆ ಸುತ್ತಿಕೊಂಡಿರುತ್ತವೆ. ಬಟ್ಟೆಯ ಮೇಲೆ ಒತ್ತಿ ಕೂರಿಸುವ ಒಳಮುಚ್ಚಳ ಕಳೆದುಹೋಗಿರುವ ಮನೆಗಳಲ್ಲಿ ಇದು ಹೆಚ್ಚು. ಆ ಪ್ಲಾಸ್ಟಿಕ್ ತಟ್ಟೆ ಬೇಡದ ವಸ್ತು ಎಂದು ಮೂಲೆಗೆ ಎಸೆಯುವವರು ಅದರ ಕೆಲಸವನ್ನು ಯಾರಿಂದಲೂ ಕೇಳಿರುವುದಿಲ್ಲ. ಸಂದಿ ಖಾಲಿ ಇದ್ದೂ ಗುಂಯ್‌ಗುಟ್ಟಿದರೆ ಬ್ರೇಕು ಬಿಟ್ಟಿಲ್ಲ, ಇಲ್ಲವೇ ಕೆಪಾಸಿಟರ್ ಸೊರಗಿದೆ. ತಿರುಗುತ್ತದೆ, ಆದರೆ ಬಟ್ಟೆ ತೊಟ್ಟಿಕ್ಕುತ್ತಲೇ ಇದೆ ಎಂದಾದರೆ ಅದೇ ಕೆಪಾಸಿಟರು, ಅಥವಾ ಸಂಜೆಯ ಲೋ ವೋಲ್ಟೇಜು, ಅಥವಾ ಕಟ್ಟಿಕೊಂಡ ಡ್ರೈನ್ ಪೈಪು. ನೀರು ಹೊರಗೆ ಹೋಗದೆ ತಳದಲ್ಲಿ ನಿಂತರೆ ಬುಟ್ಟಿ ಆ ನೀರನ್ನೇ ಕಡೆಯುತ್ತಾ ವೇಗ ಕಳೆದುಕೊಳ್ಳುತ್ತದೆ.

ಬ್ರೇಕಿನ ವಿಷಯವನ್ನು ಇಲ್ಲಿ ಬಿಡಿಸಿ ಹೇಳಬೇಕು, ಇದು ಕೈ ಉಳಿಸುವ ಮಾತು. ಮುಚ್ಚಳ ತೆರೆದಾಗ ಒಂದು ತಂತಿ ಸಡಿಲಾಗಿ ಬ್ರೇಕ್ ಪಟ್ಟಿ ಮೋಟಾರಿನ ಮೇಲಿನ ಗಾಲಿಯನ್ನು ಹಿಡಿದುಕೊಳ್ಳುತ್ತದೆ, ಮುಚ್ಚಿದಾಗ ಬಿಡುತ್ತದೆ. ಹಾಗಾಗಿ ಮುಚ್ಚಳ ತೆರೆದು ಕೈಯಿಂದ ತಿರುಗಿಸಿದಾಗ ಬುಟ್ಟಿ ಬಿಗಿಯಾಗಿದ್ದರೆ ಅದು ರೋಗವಲ್ಲ, ಆರೋಗ್ಯ. ಬುಟ್ಟಿ ಸರಾಗವಾಗಿ ತಿರುಗಿದರೇ ಗಾಬರಿಯಾಗಬೇಕು: ಬ್ರೇಕ್ ತಂತಿ ಸಡಿಲಾಗದೆ ಸಿಕ್ಕಿಕೊಂಡಿದೆ ಅಥವಾ ಪಟ್ಟಿ ಸವೆದಿದೆ. ಮುಚ್ಚಳ ತೆರೆದ ಮೇಲೆ ಬುಟ್ಟಿ ಕೆಲವೇ ಸೆಕೆಂಡುಗಳಲ್ಲಿ ನಿಲ್ಲಬೇಕು. ನಿಲ್ಲದೆ ತಿರುಗುತ್ತಿರುವ ಬುಟ್ಟಿಗೆ ಕೈ ಹಾಕಿ ಬಟ್ಟೆ ಎಳೆಯಲು ಹೋದರೆ ನುಲಿದ ಬಟ್ಟೆ ಬೆರಳನ್ನೂ ಸುತ್ತಿಕೊಂಡುಬಿಡುತ್ತದೆ. ಮಕ್ಕಳಿರುವ ಮನೆಯಲ್ಲಿ ಬ್ರೇಕ್ ಸರಿ ಮಾಡಿಸದೆ ಒಂದು ದಿನವೂ ಡ್ರೈಯರ್ ಓಡಿಸಬಾರದು.

ನಮ್ಮ ಊರಿನ ನೀರು, ಮಣ್ಣು ಕೂಡ ಈ ಯಂತ್ರಕ್ಕೆ ಸುಲಭವಲ್ಲ. ದಾವಣಗೆರೆಗೆ ರಾಜನಹಳ್ಳಿಯಿಂದ ತುಂಗಭದ್ರೆಯ ನೀರು, ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಯ ನೀರು ಬರುತ್ತದೆ. ಆದರೂ ಬಟ್ಟೆ ಒಗೆಯಲು ಬೋರ್ ನೀರನ್ನೇ ನೆಚ್ಚಿಕೊಂಡ ಮನೆಗಳು ಸಾಕಷ್ಟಿವೆ. ಗಡಸು ನೀರಿನಲ್ಲಿ ನೊರೆ ಬರುವುದಿಲ್ಲವೆಂದು ಪೌಡರ್ ಹೆಚ್ಚು ಸುರಿಯುತ್ತೇವೆ. ಕರಗದ ಪೌಡರು ಮತ್ತು ನೀರಿನ ಸುಣ್ಣ ಸೇರಿ ಬುಟ್ಟಿಯ ಹೊರಮೈಗೆ, ಸೀಲಿಗೆ, ಪೈಪಿನ ಒಳಗೆ ಬಿಳಿ ಪದರವಾಗಿ ಅಂಟುತ್ತವೆ. ಹೊಲಕ್ಕೆ ಹೋಗಿಬಂದವರ ಬಟ್ಟೆಯ ಎರೆಮಣ್ಣು, ಜೇಬಿನಲ್ಲಿ ಉಳಿದ ಮೆಕ್ಕೆಜೋಳದ ಹೊಟ್ಟು, ಸೀರೆಯ ಪಿನ್ನು, ಟವೆಲ್ಲಿನ ನಾರು ಎಲ್ಲವೂ ಕೊನೆಗೆ ಸೇರುವುದು ಅದೇ ಪೈಪಿಗೆ. ಹಾಕುವ ಮುನ್ನ ಬಟ್ಟೆ ಕೊಡವಿ ಜೇಬು ನೋಡುವುದು, ಸೋಪಿನ ನೊರೆ ಹೋಗುವಷ್ಟು ಜಾಲಾಡಿಸಿದ ಮೇಲೆಯೇ ಡ್ರೈಯರಿಗೆ ಹಾಕುವುದು, ಭಾರದ ಬಟ್ಟೆ ತಳಕ್ಕೆ, ಹಗುರದ್ದು ಮೇಲಕ್ಕೆ ಸುತ್ತಲೂ ಹರವುವುದು, ತಿಂಗಳಿಗೊಮ್ಮೆ ಪೈಪು ಬಿಚ್ಚಿ ರಭಸದ ನೀರು ಬಿಡುವುದು, ಆಗಾಗ ಬಿಸಿನೀರಿಗೆ ನಿಂಬೆ ಉಪ್ಪು ಹಾಕಿ ಟಬ್ಬು ನೆನೆಸಿ ತೊಳೆಯುವುದು, ಕೆಲಸ ಮುಗಿದ ಮೇಲೆ ಮುಚ್ಚಳ ತೆರೆದಿಟ್ಟು ಗಾಳಿಯಾಡಲು ಬಿಡುವುದು: ಯಾವುದಕ್ಕೂ ಸ್ಕ್ರೂಡ್ರೈವರ್ ಬೇಕಿಲ್ಲ. ನೆಲ ಮಟ್ಟವಾಗಿರಬೇಕು, ನಾಲ್ಕೂ ಕಾಲು ಊರಿರಬೇಕು. ಅಡಿಯಿಂದ ಇಲಿ ನುಗ್ಗಿ ವೈರು ಕಡಿಯದಂತೆ ಜಾಲರಿ ಇರಬೇಕು.

ಮನೆಯ ಹೆಂಗಸರು ಕರೆಂಟಿನ ಯಂತ್ರಕ್ಕೆ ಕೈ ಹಾಕುವುದು ಅಪಾಯ, ಅದಕ್ಕೆ ಮೆಕ್ಯಾನಿಕ್ ಇದ್ದಾನಲ್ಲ ಎಂಬುದು ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ. ಅಪಾಯದ ಮಾತು ನಿಜ. ಆದರೆ ಒದ್ದೆ ನೆಲದ ಮೇಲೆ ನಿಂತು, ಅರ್ತಿಂಗ್ ಇಲ್ಲದ ಸಾಕೆಟ್ಟಿಗೆ ಚುಚ್ಚಿದ ಮಷೀನನ್ನು ದಿನವೂ ಮುಟ್ಟುತ್ತಿರುವವರು ಅವರೇ. ಅಪಾಯ ಅವರಿಗೆ ಹೊಸದಾಗಿ ಬರುವುದಿಲ್ಲ. ಅದರ ಬಗ್ಗೆ ಗೊತ್ತಿಲ್ಲದಿರುವುದೇ ಅಪಾಯವನ್ನು ಹೆಚ್ಚಿಸುತ್ತದೆ. ಮೈಗೆ ಚುರ್ ಎಂದರೆ ಮಷೀನನ್ನು ಅಲ್ಲಿಗೇ ನಿಲ್ಲಿಸಬೇಕು, ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನು ಮುರಿದು ಎರಡು ಪಿನ್ನಿನಲ್ಲಿ ಓಡಿಸಬಾರದು, ಬಚ್ಚಲಿನ ಲೈನಿಗೆ ಕರೆಂಟು ಸೋರಿದರೆ ತಕ್ಷಣ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಬೇಕು ಎಂಬುದು ಗೊತ್ತಿದ್ದರೆ ಜೀವ ಉಳಿಯುತ್ತದೆ. ಗೆರೆಯನ್ನು ಸ್ಪಷ್ಟವಾಗಿ ಎಳೆಯೋಣ. ಪ್ಲಗ್ ಕಿತ್ತು, ಹಿಂದಿನ ತಗಡು ಬಿಚ್ಚದೆ ಆಗುವುದೆಲ್ಲ ಮನೆಯವರದು. ತಗಡು ಬಿಚ್ಚಬೇಕಾದ ಕೆಲಸ ಮೆಕ್ಯಾನಿಕ್ಕಿನದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರಬಹುದು. ಕೆಲಸದ ಈ ಹಂಚಿಕೆ ನಮಗೆ ಹೊಸದಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿಂದ ಹರಿಹರ ಲೇತ್ ಮಷೀನುಗಳ ಊರಾಗಿತ್ತು. ಹತ್ತಿಗಿರಣಿಗಳಿಂದ ದಾವಣಗೆರೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿತ್ತು. ಯಾವ ವರ್ಕ್‌ಶಾಪಿನಲ್ಲೂ ಲೇತ್ ಮೇಲೆ ನಿಂತವನೇ ಅದಕ್ಕೆ ಎಣ್ಣೆ ಬಿಟ್ಟು, ಕಬ್ಬಿಣದ ಚೂರು ಗುಡಿಸಿ, ಸದ್ದು ಬದಲಾದರೆ ಫಿಟ್ಟರನ್ನು ಕರೆಯುತ್ತಾನೆ. ಈ ಶಿಸ್ತನ್ನು ಕಂಡುಂಡ ಊರುಗಳು ನಮ್ಮವು. ಮನೆಯಲ್ಲಿ ಯಂತ್ರ ನಡೆಸುವವಳಿಗೆ ಮಾತ್ರ ‘ನೀನು ಮುಟ್ಟಬೇಡ’ ಎನ್ನುವುದಕ್ಕೆ ಯಾವ ನ್ಯಾಯವೂ ಇಲ್ಲ.

ಹಾಗೆ ಮಾಡಿದರೆ ಮೆಕ್ಯಾನಿಕ್ಕುಗಳ ಹೊಟ್ಟೆಯ ಮೇಲೆ ಹೊಡೆದಂತೆ ಆಗುವುದಿಲ್ಲವೇ ಎಂದೂ ಕೇಳಬಹುದು. ಕಟ್ಟಿದ ಪೈಪು ಊದಲು ಬಂದು ವಿಸಿಟಿಂಗ್ ಚಾರ್ಜಿಗಾಗಿ ಜಗಳವಾಡುವುದು ಯಾವ ಮೆಕ್ಯಾನಿಕ್ಕಿಗೂ ಇಷ್ಟದ ಕೆಲಸವಲ್ಲ. ಸೀಲು ಸೋರಲು ಶುರುವಾದ ವಾರದಲ್ಲೇ ಕರೆ ಬಂದರೆ ಅವರಿಗೆ ನ್ಯಾಯವಾದ ಕೆಲಸ, ನಮಗೆ ಚಿಕ್ಕ ಬಿಲ್ಲು. ಜನ ಹೊಸ ಮಷೀನು ಕೊಂಡಷ್ಟೂ ಅವರ ಕೆಲಸ ವಾರಂಟಿಯ ಹೆಸರಿನಲ್ಲಿ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗುತ್ತದೆ. ಸ್ಥಳೀಯ ಮೆಕ್ಯಾನಿಕ್ ಉಳಿಯುವುದು ಹಳೆಯ ಮಷೀನು ಉಳಿದರೆ.

ಹಳೆಯದಕ್ಕೆ ದುಡ್ಡು ಸುರಿಯುವುದು ಬುದ್ಧಿವಂತಿಕೆಯೇ ಎಂಬುದು ಇನ್ನೊಂದು ಪ್ರಶ್ನೆ. ಎಲ್ಲ ಹಳೆಯ ಮಷೀನನ್ನೂ ಉಳಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ತಳದ ತಗಡು ತುಕ್ಕು ತಿಂದು ಕಾಲು ನಿಲ್ಲದಿದ್ದರೆ, ಒಗೆಯುವ ಕಡೆಯ ಗೇರ್ ಬಾಕ್ಸು ಮತ್ತು ಡ್ರೈಯರ್ ಮೋಟಾರು ಎರಡೂ ಒಟ್ಟಿಗೆ ಹೋಗಿದ್ದರೆ, ಹೊರಟಬ್ಬೇ ಸೀಳಿದ್ದರೆ ಹೊಸದು ತರುವುದೇ ಸರಿ. ಆದರೆ ಸೀಲು, ಕೆಪಾಸಿಟರು, ಬ್ರೇಕ್ ತಂತಿ, ಮುಚ್ಚಳದ ಸ್ವಿಚ್ಚು ಒಂದೊಂದೂ ಕೆಲವೇ ನೂರು ರೂಪಾಯಿಯ ವ್ಯವಹಾರ. ಮೋಟಾರು ಬದಲಿಸಿದರೂ ಹತ್ತು ಸಾವಿರದ ಆಸುಪಾಸಿನ ಹೊಸ ಮಷೀನಿನ ಮುಂದೆ ಅದು ಚಿಕ್ಕ ಮೊತ್ತವೇ.

ಬಿಸಿಗಾಳಿಯ ಡ್ರೈಯರನ್ನೇ ಕೊಳ್ಳುವವರ ಕಾರಣಗಳನ್ನೂ ತಳ್ಳಿಹಾಕುವಂತಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಬಟ್ಟೆ ಹಾಕಲು ತಂತಿ ಕಟ್ಟುವ ಜಾಗವಿಲ್ಲ. ಮಂಡಕ್ಕಿ ಭಟ್ಟಿಗಳ ಸುತ್ತಿನ ಬಡಾವಣೆಗಳಲ್ಲಿ ಮಾಳಿಗೆಗೆ ಹಾಕಿದ ಬಿಳಿ ಬಟ್ಟೆಯ ಮೇಲೆ ಮಸಿ ಕೂರುತ್ತದೆ. ಜಿಟಿಜಿಟಿ ಮಳೆ ಹಿಡಿದ ವಾರದಲ್ಲಿ ಕೂಸಿನ ಬಟ್ಟೆ ಮುಗ್ಗಲು ವಾಸನೆ ಹೊಡೆಯುತ್ತದೆ. ಆಸ್ಪತ್ರೆ, ಹಾಸ್ಟೆಲುಗಳ ಅಗತ್ಯ ಬೇರೆಯೇ. ಆದರೂ ಮನೆಗೆ ತರುವ ಮುನ್ನ ಗೃಹಜ್ಯೋತಿಯ ಲೆಕ್ಕ ಹಾಕಬೇಕು. ಹಿಂದಿನ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಸಿಗುವ ಉಚಿತ ಮಿತಿ, ಒಟ್ಟು 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು, ಇದು 2023ರಲ್ಲಿ ಬಂದ ನಿಯಮ. ತಿಂಗಳಿಗೆ 150 ಯೂನಿಟ್ ಬಳಸುವ ಕುಟುಂಬ ಸಲಕ್ಕೆ ಮೂರು ಯೂನಿಟ್ಟಿನಂತೆ ಇಪ್ಪತ್ತು ಸಲ ಹೀಟರ್ ಡ್ರೈಯರ್ ಓಡಿಸಿದರೆ 210ಕ್ಕೆ ಮುಟ್ಟುತ್ತದೆ. ಬೆಸ್ಕಾಂ ಬಿಲ್ಲು ಆಗ ಡ್ರೈಯರಿನ 60 ಯೂನಿಟ್ಟಿಗಲ್ಲ, ಇಡೀ ಮನೆಗೆ ಬರುತ್ತದೆ. ಕರೆಂಟು ಕಡಿಮೆ ತಿನ್ನುವ ಹೀಟ್ ಪಂಪ್ ಡ್ರೈಯರುಗಳಿವೆ, ಬೆಲೆ ಬಹಳ ಹೆಚ್ಚು. ಯಾವುದೇ ಬಿಸಿಗಾಳಿ ಡ್ರೈಯರನ್ನು ತಂದರೂ ಬಟ್ಟೆಯ ನಾರು ಹಿಡಿಯುವ ಜಾಲರಿಯನ್ನು ಪ್ರತಿ ಸಲವೂ ತೆಗೆದು ಸ್ವಚ್ಛ ಮಾಡಲೇಬೇಕು. ನಾರು ಹತ್ತಿಯಷ್ಟೇ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಅಮೆರಿಕದ ಅಗ್ನಿಶಾಮಕ ಆಡಳಿತ 2008ರಿಂದ 2010ರ ಅವಧಿಗೆ ಕೊಟ್ಟ ಲೆಕ್ಕದಂತೆ ಅಲ್ಲಿ ವರ್ಷಕ್ಕೆ ಸುಮಾರು 2,900 ಮನೆಗಳಲ್ಲಿ ಡ್ರೈಯರಿನಿಂದ ಬೆಂಕಿ ಬಿದ್ದಿತ್ತು. ಸ್ವಚ್ಛ ಮಾಡದೆ ಬಿಟ್ಟದ್ದೇ ಅದಕ್ಕೆ ಮುಖ್ಯ ಕಾರಣ. 2016ರ ಆಗಸ್ಟಿನಲ್ಲಿ ಲಂಡನ್ನಿನ ಶೆಫರ್ಡ್ಸ್ ಬುಷ್‌ನಲ್ಲಿ ಬಹುಮಹಡಿ ಕಟ್ಟಡವೊಂದರ ಹಲವು ಮನೆಗಳು ಸುಟ್ಟದ್ದು ಒಂದು ಫ್ಲ್ಯಾಟಿನ ಡ್ರೈಯರಿನಿಂದ. ನೀರು ಹಿಂಡುವ ಡ್ರೈಯರನ್ನೇ ನೋಡಿಕೊಳ್ಳಲು ಕಲಿಯದ ನಾವು ಬೆಂಕಿಯನ್ನು ಒಳಗಿಟ್ಟುಕೊಂಡ ಡ್ರೈಯರನ್ನು ಹೇಗೆ ನೋಡಿಕೊಂಡೇವು ಎಂಬುದು ನನ್ನ ನಿಜವಾದ ಆತಂಕ.

ಕಲಿಸಬೇಕಾದವರು ಯಾರು? ಮಷೀನಿನ ಜೊತೆ ಬರುವ ಪುಸ್ತಕದಲ್ಲಿ ಇಲ್ಲಿ ಹೇಳಿದ ಬಹಳಷ್ಟು ಸಂಗತಿ ಅಚ್ಚಾಗಿರುತ್ತದೆ, ಇಂಗ್ಲಿಷಿನಲ್ಲಿ, ಹೆಚ್ಚೆಂದರೆ ಹಿಂದಿಯಲ್ಲಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, 2022 ಗ್ರಾಹಕ ವಸ್ತುಗಳ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆನ್ನುತ್ತದೆ. ಆದರೆ ಆ ಮಾತು ರಾಜ್ಯದಲ್ಲಿ ತಯಾರಾದವುಗಳಿಗೆ. ಹೊರರಾಜ್ಯದಿಂದ ಬಂದ ಮಷೀನು ಅದರಿಂದ ನುಣುಚಿಕೊಳ್ಳುತ್ತದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದು, ಗೃಹೋಪಯೋಗಿ ಉಪಕರಣಗಳನ್ನೂ ಅದರ ವ್ಯಾಪ್ತಿಗೆ ತಂದಿತು. ರಿಪೇರಿಯ ಮಾಹಿತಿ, ಬಿಡಿಭಾಗಗಳ ವಿವರವನ್ನು ಕಂಪನಿಗಳು ಜನರ ಮುಂದಿಡಬೇಕೆಂಬುದು ಅದರ ಉದ್ದೇಶ. ಒಳ್ಳೆಯ ಹೆಜ್ಜೆಯೇ. ಆದರೆ ಅದು ಕಂಪನಿಗಳ ಒಪ್ಪಿಗೆಯ ಮೇಲೆ ನಿಂತಿದೆ, ಒತ್ತಾಯದ ಮೇಲಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ವಾಷಿಂಗ್ ಮಷೀನಿನ ಕೊನೆಯ ವಿಲೇವಾರಿಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಸತ್ತ ಯಂತ್ರದ ಹೊಣೆ ಹೊತ್ತವರು ಬದುಕಿರುವ ಯಂತ್ರದ ಆರೈಕೆಯ ಹೊಣೆಯನ್ನೂ ಹೊರಬೇಕು.

ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ದಾವಣಗೆರೆ, ಹರಿಹರದ ಅಂಗಡಿಯವರು ಮಷೀನು ಕೂರಿಸುವ ದಿನ ಅದನ್ನು ಬಳಸುವವರನ್ನೇ ಮುಂದೆ ನಿಲ್ಲಿಸಿಕೊಂಡು ಹತ್ತು ನಿಮಿಷ ತೋರಿಸಿಕೊಡಲಿ, ಒಂದು ಪುಟದ ಕನ್ನಡ ಸೂಚನೆಯನ್ನು ಮುಚ್ಚಳದ ಮೇಲೆ ಅಂಟಿಸಿ ಕೊಡಲಿ. ಕೊಳ್ಳುವವರು ಬೆಲೆ ಚೌಕಾಸಿ ಮಾಡುವಷ್ಟೇ ಗಟ್ಟಿಯಾಗಿ ಇದನ್ನು ಕೇಳಲಿ, ಸೀಲು ಮತ್ತು ಕೆಪಾಸಿಟರ್ ಊರಲ್ಲೇ ಸಿಗುತ್ತವೆಯೇ ಎಂದು ವಿಚಾರಿಸಿದ ಮೇಲೆಯೇ ದುಡ್ಡು ಎಣಿಸಲಿ. ರಿಪೇರಿಯಾದಾಗ ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆದು ನೋಡಿ, ಬಿಲ್ಲಿನಲ್ಲಿ ಅದರ ಹೆಸರು ಬರೆಸಿಕೊಳ್ಳಿ. ವಾರಂಟಿ ಇದ್ದೂ ಸರ್ವಿಸ್ ಕೊಡದೆ ಅಲೆದಾಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.